ನಡೆಯದ ತರಗತಿಗೆ ಗೈರುಹಾಜರಿ

ನಮ್ಮ ಕಂಪ್ಯೂಟರ್ ವಿಭಾಗದಲ್ಲಿ ಪ್ರತಿ ಸೆಮಿಸ್ಟರ್ ಶುರುವಾಗುವ ಮುಂಚೆ ಪಾಠ ಹಂಚುವ ಸಭೆ ನಡೆಯುತ್ತದೆ. ಒಳ್ಳೊಳ್ಳೆಯ ವಿಷಯಗಳೆಲ್ಲ ಕಾಫಿ ಬರುವ ಮೊದಲೇ ಖರ್ಚಾಗಿರುತ್ತವೆ. ಕೃತಕ ಬುದ್ಧಿಮತ್ತೆ, ಕ್ಲೌಡ್, ಡೇಟಾ ಎಂದರೆ ಕೈ ಎತ್ತುವವರ ನೂಕುನುಗ್ಗಲು. ಕೊನೆಗೆ ತಟ್ಟೆಯಲ್ಲಿ ಉಳಿಯುವ ತಣ್ಣಗಿನ ಬೋಂಡಾದ ಹಾಗೆ ಒಂದು ವಿಷಯ ಉಳಿಯುತ್ತದೆ: ವೃತ್ತಿಕೌಶಲ ಮತ್ತು ವೃತ್ತಿನೀತಿ. ವಾರಕ್ಕೆ ಒಂದೇ ಗಂಟೆ, ಅದೂ ಶುಕ್ರವಾರದ ಕೊನೆಯ ಗಂಟೆ. ಅದು ಯಾರ ಪಾಲಿಗೆ ಬಂದಿದೆ ಎಂದು ನೋಡಿದರೆ ಆ ವರ್ಷ ವಿಭಾಗದ ಮುಖ್ಯಸ್ಥರಿಗೆ ಯಾರ ಮೇಲೆ ಸಿಟ್ಟಿದೆ ಎಂದು ಗೊತ್ತಾಗುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂತು. ನಾನು ಮಾಡಿದ ಅಪರಾಧವೆಂದರೆ ಅವರ ಸಂಶೋಧನಾ ಪ್ರಬಂಧದ ಶೀರ್ಷಿಕೆಯಲ್ಲಿದ್ದ ಒಂದು ಸ್ಪೆಲ್ಲಿಂಗ್ ತಪ್ಪನ್ನು ನಾಲ್ಕು ಜನರ ಮುಂದೆ ತೋರಿಸಿದ್ದು.

ಕೃಷ್ಣಮೂರ್ತಿಪುರದ ನಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಮ್ಮನಿಗೆ ಈ ಸುದ್ದಿ ಹೇಳಿದೆ. ಹುರುಳಿಕಾಯಿ ಬಿಡಿಸುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು.

“ಸುಳ್ಳು ಹೇಳ್ಬಾರ್ದು, ಕದೀಬಾರ್ದು ಅಂತ ಇಷ್ಟಿಷ್ಟ್ ದೊಡ್ಡ ಮಕ್ಕಳಿಗೆ ಪಾಠ ಮಾಡ್ತೀರಾ? ಅದಕ್ಕೆ ಪರೀಕ್ಷೇನೂ ಇದ್ಯಾ?”

“ಇದೆಯಮ್ಮ.”

“ಅದ್ರಲ್ಲಿ ಕಾಪಿ ಹೊಡೆಯಲ್ವಾ?”

“ಹೊಡೀತಾರೆ.”

“ಸರಿ ಬುಡು” ಎಂದು ಅಮ್ಮ ಮತ್ತೆ ಹುರುಳಿಕಾಯಿಗೆ ಕೈ ಹಾಕಿದರು. ನಮ್ಮ ಪಠ್ಯಕ್ರಮದ ಬಗ್ಗೆ ಅಷ್ಟು ಚುಟುಕಾದ ವಿಮರ್ಶೆಯನ್ನು ಯಾವ ತಜ್ಞರ ಸಮಿತಿಯೂ ಮಾಡಿಲ್ಲ.

ಪಾಠದ ಮೊದಲರ್ಧ ಕೌಶಲ. ಸಂದರ್ಶನಕ್ಕೆ ಹೋದಾಗ ಹೇಗೆ ಕೂರಬೇಕು, ಇಮೇಲಿನ ಕೊನೆಯಲ್ಲಿ ಏನು ಬರೆಯಬೇಕು, ಟೈ ಕಟ್ಟುವುದು ಹೇಗೆ. ಟೈ ಕಟ್ಟಲು ನನಗೆ ಬರುವುದಿಲ್ಲ. ಮೊಬೈಲಿನಲ್ಲಿ ವಿಡಿಯೋ ಹಾಕಿ ನಾನೂ ಅವರ ಜೊತೆ ಕಲಿಯಲು ಹೋಗಿ ಸೋತೆ. ಅವರ ಬಯೋಡೇಟಾಗಳನ್ನು ತಿದ್ದುವುದೂ ನನ್ನ ಕೆಲಸ. ಅವುಗಳ ಪ್ರಕಾರ ನನ್ನ ಕ್ಲಾಸಿನ ಅರವತ್ತೆರಡು ಜನರೂ ಹುಟ್ಟು ನಾಯಕರು. ಅಷ್ಟು ನಾಯಕರಿದ್ದ ಕೋಣೆಯಲ್ಲಿ ಫ್ಯಾನಿನ ಸ್ವಿಚ್ ಹಾಕಲು ಎದ್ದು ಬರುವವರು ಒಬ್ಬರೂ ಇರಲಿಲ್ಲ.

ಉಳಿದರ್ಧ ನೀತಿ. ಬೇರೆಯವರ ಕೆಲಸವನ್ನು ತನ್ನದೆಂದು ತೋರಿಸುವುದು ಯಾಕೆ ತಪ್ಪು ಎಂದು ಎರಡು ಪುಟ ಬರೆದು ತನ್ನಿ ಎಂದೆ. ಅರವತ್ತೊಂದು ಪ್ರಬಂಧಗಳು ಬಂದವು, ಎಲ್ಲವೂ ಒಂದೇ ವಾಕ್ಯದಿಂದ ಶುರು. ಚಾಟ್ ಮಾಡುವ ಯಂತ್ರದ ಹತ್ತಿರ ಬರೆಸಿಕೊಂಡು ಬಂದಿದ್ದರು. ಒಬ್ಬನಂತೂ ಕೊನೆಯಲ್ಲಿ ಯಂತ್ರ ಕೇಳಿದ ‘ಇದನ್ನು ಇನ್ನಷ್ಟು ಸಹಜವಾಗಿ ಕಾಣುವಂತೆ ಮಾಡಲೇ?’ ಎಂಬ ಪ್ರಶ್ನೆಯನ್ನೂ ಸೇರಿಸಿ ಪ್ರಿಂಟ್ ತೆಗೆದಿದ್ದ. ಅವನು ಏನನ್ನೂ ಮುಚ್ಚಿಟ್ಟಿಲ್ಲವೆಂದು ಅವನಿಗೆ ಒಂದು ಅಂಕ ಜಾಸ್ತಿ ಕೊಟ್ಟೆ.

ಅರವತ್ತೆರಡನೆಯದು ಕೈಬರಹದಲ್ಲಿತ್ತು. ಒಂದೂವರೆ ಪುಟ, ಇಂಗ್ಲಿಷ್ ವ್ಯಾಕರಣ ಅಲ್ಲಲ್ಲಿ ಕುಂಟುತ್ತಿತ್ತು. ಅದನ್ನು ಬರೆದ ಹುಡುಗಿ ಮೂರನೇ ವರ್ಷದವಳು, ರಾಜೀವನಗರದಿಂದ ಎರಡು ಬಸ್ ಬದಲಾಯಿಸಿ ಬರುವವಳು. ತಂದೆ ಬಾಗಿಲು, ಕಿಟಕಿ ಮಾಡುವ ಬಡಗಿ. ಕ್ಲಾಸಿನಲ್ಲಿ ಅವಳು ಬಾಯಿ ಬಿಟ್ಟದ್ದನ್ನು ನಾನು ಕೇಳಿರಲಿಲ್ಲ. ಅವಳು ಬರೆದದ್ದು ಇಷ್ಟು: ಅಪ್ಪನಿಗೆ ಒಮ್ಮೆ ಗಿರಾಕಿಯೊಬ್ಬರು ಬೇರೆಯವರು ಮಾಡಿದ ಬಾಗಿಲು ತೋರಿಸಿ ಚೆನ್ನಾಗಿ ಮಾಡಿದ್ದೀರಿ ಎಂದರಂತೆ, ಅಪ್ಪ ಅದು ನನ್ನದಲ್ಲ ಎಂದರಂತೆ, ಗಿರಾಕಿ ಮುಂದಿನ ಕೆಲಸವನ್ನು ಆ ಇನ್ನೊಬ್ಬರಿಗೇ ಕೊಟ್ಟರಂತೆ. ಪ್ರಬಂಧ ಅಲ್ಲಿಗೆ ಮುಗಿದಿತ್ತು. ಇದರಿಂದ ನಾವು ಕಲಿಯಬೇಕಾದದ್ದು ಎಂಬ ಪ್ಯಾರಾ ಇರಲಿಲ್ಲ. ಅದಿಲ್ಲವೆಂದು ನಾನು ಎರಡು ಅಂಕ ಕಳೆದಿದ್ದೆ.

ಸೆಮಿಸ್ಟರಿಗೆ ಹದಿನೈದು ತರಗತಿ ಆಗಬೇಕು. ನಡೆದದ್ದು ಏಳು. ನೀತಿಪಾಠದ ಗಂಟೆಯೆಂದರೆ ಕಾಲೇಜಿನವರಿಗೆಲ್ಲ ಹಿತ್ತಲ ಕರಿಬೇವು, ಯಾರು ಬೇಕಾದರೂ ಬಂದು ಕಿತ್ತುಕೊಂಡು ಹೋಗಬಹುದು. ಎರಡು ವಾರ ವಾರ್ಷಿಕೋತ್ಸವದ ತಾಲೀಮು, ಎರಡು ವಾರ ಕ್ಯಾಂಪಸ್ ಸಂದರ್ಶನದ ತರಬೇತಿ, ಒಂದು ವಾರ ಪಕ್ಕದ ವಿಭಾಗದವರಿಗೆ ನಮ್ಮ ಪ್ರೊಜೆಕ್ಟರ್ ಬೇಕಾಯಿತು. ಉಳಿದ ಮೂರು ಶುಕ್ರವಾರ ಮುಖ್ಯ ಅತಿಥಿಗಳು ಬಂದರು. ಅತಿಥಿಗಳು ಬಂದಾಗ ಸಭಾಂಗಣ ಖಾಲಿ ಇರಬಾರದಲ್ಲ, ‘ನೀತಿ ಕ್ಲಾಸಿನವರನ್ನ ಕಳಿಸಿ’ ಎಂದು ಫೋನ್ ಬರುತ್ತಿತ್ತು. ಅವರಲ್ಲೊಬ್ಬರು ಎರಡು ಗಂಟೆ ತಡವಾಗಿ ಬಂದು ಸಮಯಪಾಲನೆಯ ಬಗ್ಗೆ ಮಾತಾಡಿದರು. ನನ್ನ ಮಕ್ಕಳು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಕಾಲೇಜಿನ ಗುಣಮಟ್ಟ ಅಳೆಯುವ ಸಮಿತಿ ಬರುತ್ತದೆ ಎಂಬ ಸುದ್ದಿ ಬಂತು. ಗೋಡೆಗಳಿಗೆ ಬಣ್ಣ ಬಂತು, ಶೌಚಾಲಯಕ್ಕೆ ಸೋಪು ಬಂತು. ಮುಖ್ಯಸ್ಥರು ನಮ್ಮನ್ನೆಲ್ಲ ಕರೆದು ರಿಜಿಸ್ಟರುಗಳನ್ನು ಪೂರ್ತಿ ಮಾಡಿ ಎಂದರು. ನನ್ನದರಲ್ಲಿ ಎಂಟು ತರಗತಿ ಖಾಲಿ ಇದೆ ಎಂದೆ.

“ಸುಮ್ನೆ ಬರ್ದ್ಬುಡಿ ಮೇಡಂ” ಎಂದರು.

ಈ ‘ಸುಮ್ನೆ’ ಇಲ್ಲದಿದ್ದರೆ ನಮ್ಮ ಊರಿನಲ್ಲಿ ಯಾವ ಕಚೇರಿಯೂ ನಡೆಯುತ್ತಿರಲಿಲ್ಲ. ಸುಮ್ನೆ ಕೊಟ್ಟರು ಎಂದರೆ ಬಿಟ್ಟಿ. ಸುಮ್ನೆ ಬೈದರು ಎಂದರೆ ಕಾರಣವಿಲ್ಲ. ಸುಮ್ನೆ ಬಂದೆ ಎಂದರೆ ಏನೋ ಕೆಲಸವಿದೆ, ಆಮೇಲೆ ಹೇಳುತ್ತೇನೆ ಎಂದರ್ಥ. ಸುಮ್ನಿರು ಎಂದರೆ ಬಾಯಿ ಮುಚ್ಚು. ಸುಮ್ನೆ ಬರ್ದ್ಬುಡಿ ಎಂದಾಗ ಇವೆಲ್ಲವೂ ಸೇರಿರುತ್ತವೆ. ಸುಳ್ಳು ಬರೆಯಿರಿ ಎಂದು ಅವರು ಹೇಳಿದ್ದರೆ ನಾನು ಖಂಡಿತ ಜಗಳ ಆಡುತ್ತಿದ್ದೆ.

ಬರೆದೆ. ಚೆನ್ನಾಗಿಯೇ ಬರೆದೆ. ಎಂಟೂ ದಿನದ್ದು ಒಂದೇ ಪೆನ್ನಿನಲ್ಲಿದ್ದರೆ ಸಿಕ್ಕಿಬೀಳುತ್ತೇನೆ ಎಂದು ಮೂರು ಪೆನ್ನು ಇಟ್ಟುಕೊಂಡೆ. ಒಂದು ಪುಟದ ಮೂಲೆಯಲ್ಲಿ ಕಾಫಿ ಲೋಟ ಊರಿ ಗುರುತು ಮೂಡಿಸಿದೆ. ಯಾವ ಶುಕ್ರವಾರ ರಜೆ ಇತ್ತೆಂದು ಕ್ಯಾಲೆಂಡರ್ ನೋಡಿ, ಅದನ್ನು ಬಿಟ್ಟು ತಾರೀಖು ಹಾಕಿದೆ. ‘ಇಂದು ಕಲಿಸಿದ್ದು’ ಎಂಬ ಕಾಲಮ್ಮಿನಲ್ಲಿ ಒಂದು ದಿನಕ್ಕೆ ‘ದಾಖಲೆಗಳಲ್ಲಿ ಪ್ರಾಮಾಣಿಕತೆ’ ಎಂದು ಬರೆಯುವಾಗ ನನಗೆ ನಗು ಬಂತು. ಎಂಟು ಕಡೆ ಸಹಿ ಹಾಕಿದೆ. ವೃತ್ತಿಕೌಶಲ ಎಂದರೆ ಇದೇ ಅಲ್ಲವೇ?

ಹಾಜರಿಯದು ಬೇರೆ ಕಥೆ. ಸಮಿತಿಯವರು ಕೇಳುತ್ತಾರೆಂದು ಆ ವರ್ಷ ಹೊಸ ಪದ್ಧತಿ ತಂದಿದ್ದರು: ಬಂದವರು ತಾವೇ ಸಹಿ ಹಾಕಬೇಕು, ಬರದವರ ಹೆಸರಿನ ಮುಂದೆ ಗೈರು ಎಂಬುದಕ್ಕೆ ಇಂಗ್ಲಿಷಿನ ಎ ಎಂದು ಬರೆಯಬೇಕು, ಆಫೀಸಿನವರು ಅದನ್ನು ಸಾಫ್ಟ್‌ವೇರಿಗೆ ಏರಿಸುತ್ತಾರೆ. ಹಾಗಾಗಿ ಎಂಟು ಹಾಳೆಗಳನ್ನು ಕ್ಲಾಸಿನಲ್ಲಿ ಹರಿಯಬಿಟ್ಟೆ. “ಎಲ್ಲ ಸುಮ್ನೆ ಒಂದೊಂದ್ ಸೈನ್ ಹಾಕಿ” ಎಂದೆ. ಹತ್ತು ನಿಮಿಷದಲ್ಲಿ ಎಂಟು ವಾರ ಕಳೆದವು. ಹಿಂದಿನ ಬೆಂಚಿನಿಂದ ಒಬ್ಬ ಕೈ ಎತ್ತಿದ.

“ಮೇಡಂ, ನನ್ ಫ್ರೆಂಡ್ ಇವತ್ತು ಬಂದಿಲ್ಲ. ಅವನ್ದು ನಾನೇ ಹಾಕ್ಬುಡ್ಲಾ?”

ನನಗೆ ಎಲ್ಲಿತ್ತೋ ಕೋಪ. “ನಾಚ್ಕೆ ಆಗಲ್ವೇನೋ? ಬೇರೆಯವರ ಸೈನ್ ಹಾಕೋದು ಎಂಥಾ ತಪ್ಪು ಅಂತ ಈ ಕ್ಲಾಸಲ್ಲೇ ಹೇಳಿಲ್ವಾ ನಾನು?” ಎಂದು ಐದು ನಿಮಿಷ ಬೈದೆ. ಅವನು ತಲೆ ತಗ್ಗಿಸಿ ನಿಂತಿದ್ದ. ನಾನು ಮನಸಾರೆ ಬೈದಿದ್ದೆ. ಅದು ಎಂಥ ಬೈಗುಳ ಎಂದು ನನಗೆ ಹೊಳೆದದ್ದು ಮನೆಗೆ ಬಂದು ಚಪ್ಪಲಿ ಬಿಡುವಾಗ.

ಮುಂದಿನ ವಾರ ಹಾಜರಿ ಕೊರತೆಯವರ ಪಟ್ಟಿ ನೋಟಿಸ್ ಬೋರ್ಡಿಗೆ ಬಿತ್ತು. ವೃತ್ತಿನೀತಿಯಲ್ಲಿ ಒಬ್ಬಳೇ, ಬಡಗಿಯ ಮಗಳು. ಹದಿನೈದರಲ್ಲಿ ಏಳು. ಹಾಲ್ ಟಿಕೆಟ್ ಇಲ್ಲ, ಪರೀಕ್ಷೆ ಬರೆಯುವಂತಿಲ್ಲ. ಒಂದು ವಿಷಯ ಬಾಕಿ ಉಳಿದರೂ ಮುಂದಿನ ವರ್ಷ ಕ್ಯಾಂಪಸ್ ಸಂದರ್ಶನಕ್ಕೆ ಕೂರಿಸುವುದಿಲ್ಲ ಎಂಬುದು ಕಾಲೇಜಿನ ನಿಯಮ. ಹಾಳೆಗಳನ್ನು ತೆಗೆಸಿ ನೋಡಿದೆ. ನಡೆಯದ ಎಂಟು ತರಗತಿಗಳಿಗೂ ಅವಳ ಹೆಸರಿನ ಮುಂದೆ ಎ, ಎ, ಎ ಎಂದು ದುಂಡಗೆ ಬರೆದಿತ್ತು.

ಅವಳನ್ನು ಸ್ಟಾಫ್ ರೂಮಿಗೆ ಕರೆಸಿದೆ.

“ಏನಮ್ಮ ಇದು?”

“ನಾನು ಆವತ್ತು ಕ್ಲಾಸಿಗೆ ಬಂದಿರ್ಲಿಲ್ಲ ಮೇಡಂ.”

“ಯಾರೂ ಬಂದಿರ್ಲಿಲ್ಲ ಕಣಮ್ಮ. ಕ್ಲಾಸೇ ಆಗಿರ್ಲಿಲ್ಲ.”

“ಹೌದು ಮೇಡಂ. ಆದ್ರೆ ಹಾಳೇಲಿ ಎರಡೇ ಇತ್ತಲ್ಲ, ಸೈನ್ ಹಾಕ್ಬೇಕು, ಇಲ್ಲಾ ಎ ಬರೀಬೇಕು. ಖಾಲಿ ಬಿಡೋಣ ಅಂದ್ಕೊಂಡೆ, ಖಾಲಿ ಬಿಟ್ರೆ ಆಫೀಸಲ್ಲಿ ಹಾಜರಿ ಅಂತ ತುಂಬ್ಕೋತಾರೆ ಅಂದ್ರು. ಎರಡ್ರಲ್ಲಿ ಯಾವ್ದು ಕಮ್ಮಿ ಸುಳ್ಳೋ ಅದನ್ನ ಬರ್ದೆ.”

ಇಪ್ಪತ್ತಾರು ವರ್ಷದಿಂದ ಕಂಪ್ಯೂಟರ್ ಪಾಠ ಮಾಡುತ್ತಿದ್ದೇನೆ. ಸೊನ್ನೆ ಇಲ್ಲವೇ ಒಂದು, ನಡುವೆ ಏನೂ ಇಲ್ಲ ಎಂದು ಮೊದಲ ದಿನವೇ ಹೇಳಿಕೊಡುತ್ತೇನೆ. ಅದನ್ನು ಇಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡವರನ್ನು ಅವತ್ತೇ ನೋಡಿದ್ದು. ನನಗೆ ಅವಳ ಮೇಲೆ ಮೆಚ್ಚುಗೆ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ. ಬಂದದ್ದು ಸಿಟ್ಟು. ಎಲ್ಲರೂ ಹಾಕಿದ ಸಹಿ ಹಾಕಲು ಇವಳಿಗೇನು ದಾಡಿ ಎಂಬ ಶುದ್ಧ ಸಿಟ್ಟು.

“ನೋಡಮ್ಮ, ಹಾಲ್ ಟಿಕೆಟ್ ಸಿಗಲ್ಲ ನಿಂಗೆ. ಈಗ್ಲೂ ಸುಮ್ನೆ ಎಂಟು ಸೈನ್ ಹಾಕ್ಬುಡು, ನಾನು ಆಫೀಸಿಗೆ ಹೇಳ್ತೀನಿ.”

ಅವಳು ಪೆನ್ನು ತೆಗೆದುಕೊಂಡಳು. ಕಣ್ಣಲ್ಲಿ ನೀರು ನಿಂತಿತ್ತು.

“ನೀವು ಹಾಕು ಅಂದ್ರೆ ಹಾಕ್ತೀನಿ ಮೇಡಂ. ಹಾಕು ಅಂತ ಹೇಳಿ.”

‘ಸುಮ್ನೆ’ ಎಂಬ ಪದ ತೆಗೆದುಬಿಟ್ಟರೆ ಆ ವಾಕ್ಯದಲ್ಲಿ ಉಳಿಯುವುದು ‘ಸುಳ್ಳು ಸಹಿ ಹಾಕು’ ಎಂಬುದಷ್ಟೇ. ಹೋಗು, ನೋಡೋಣ ಎಂದು ಕಳಿಸಿದೆ.

ಮುಖ್ಯಸ್ಥರ ಕೋಣೆಗೆ ಹೋಗಿ, ಎಂಟು ತರಗತಿ ನಡೆದಿಲ್ಲ ಎಂದು ರಿಜಿಸ್ಟರಿನಲ್ಲಿ ತಿದ್ದುತ್ತೇನೆ ಎಂದೆ. ಅವರು ನನಗೆ ಜ್ವರವಿದೆಯೇ ಎಂಬಂತೆ ನೋಡಿದರು.

“ತಿದ್ದೋಕಾಗಲ್ಲ ಕಣ್ರೀ ಮೇಡಂ, ಸಾಫ್ಟ್‌ವೇರ್ ಲಾಕ್ ಆಗಿದೆ. ತಿದ್ದುದ್ರೆ ಅರವತ್ತೆರಡು ಜನರ ಹಾಜರೀನೂ ಹೋಗ್ಬುಡುತ್ತೆ. ಒಂದ್ ಕೆಲ್ಸ ಮಾಡಿ. ಗೈರಾದವರಿಗೆ ಮೇಕಪ್ ಕ್ಲಾಸ್ ತಗೋಬೋದು ಅಂತ ನಿಯಮ ಇದೆ. ಆ ಹುಡುಗೀಗೆ ಎಂಟು ಕ್ಲಾಸ್ ತಗೊಳ್ಳಿ. ನಿಧಾನವಾಗಿ ಕಲಿಯೋ ಮಕ್ಕಳಿಗೆ ವಿಶೇಷ ಗಮನ ಅಂತ ಒಂದ್ ಫೈಲ್ ಇಡ್ಬೇಕು, ಅದು ಖಾಲಿ ಬಿದ್ದಿದೆ. ಅದಕ್ಕೂ ಒಂದ್ ದಾಖಲೆ ಆಯ್ತು.”

ಹೀಗೆ, ಕ್ಲಾಸಿನಲ್ಲಿ ಪಾಠ ಅರ್ಥವಾಗಿದ್ದ ಒಬ್ಬಳೇ ಒಬ್ಬಳು ನಿಧಾನವಾಗಿ ಕಲಿಯುವವಳಾದಳು. ನಡೆಯದ ತರಗತಿಗಳನ್ನು ತಪ್ಪಿಸಿಕೊಂಡದ್ದಕ್ಕೆ ಅವಳಿಗೆ ಅವುಗಳನ್ನು ಮತ್ತೆ ನಡೆಸುವುದೆಂದು ತೀರ್ಮಾನವಾಯಿತು.

ನಾಲ್ಕು ಸಂಜೆ, ದಿನಕ್ಕೆ ಎರಡು ಗಂಟೆ, ಸಣ್ಣ ಲ್ಯಾಬಿನಲ್ಲಿ ನಾವಿಬ್ಬರೇ. ಮೊದಲ ದಿನ ಸ್ಲೈಡುಗಳನ್ನು ಹಾಕಿದೆ. ಎರಡು ಸ್ಲೈಡ್ ಆಗುವಷ್ಟರಲ್ಲಿ ಅವಳೊಂದು ಪ್ರಶ್ನೆ ಕೇಳಿದಳು.

“ಅಪ್ಪ ಮಾಡಿದ ಬಾಗ್ಲು ಸರಿಯಾಗಿ ಮುಚ್ಚದಿದ್ರೆ ಆ ಮನೆಯವರು ಅಪ್ಪಂಗೆ ಫೋನ್ ಮಾಡ್ತಾರೆ. ಸಾಫ್ಟ್‌ವೇರ್ ತಪ್ಪಾದ್ರೆ ಯಾರಿಗೆ ಮೇಡಂ ಫೋನ್ ಮಾಡೋದು?”

ಪ್ರೊಜೆಕ್ಟರ್ ಆರಿಸಿದೆ. ಕಾಲೇಜಿನ ಹಾಜರಿ ಸಾಫ್ಟ್‌ವೇರನ್ನೇ ತೆರೆದು ಕೂತೆವು. ಹಿಂದಿನ ವಿದ್ಯಾರ್ಥಿಗಳು ಪ್ರಾಜೆಕ್ಟ್ ಎಂದು ಮಾಡಿ, ನನ್ನಿಂದಲೇ ಒಳ್ಳೆಯ ಅಂಕ ಪಡೆದು ಹೋಗಿದ್ದ ಕೆಲಸ ಅದು. ‘ತರಗತಿ ನಡೆಯಲಿಲ್ಲ’ ಎಂಬ ಮೂರನೆಯ ಆಯ್ಕೆ ಎಲ್ಲಿ ಬರಬೇಕಿತ್ತು ಎಂದು ಅವಳು ಬೆರಳಿಟ್ಟು ತೋರಿಸಿದಳು. ಅಂಕ ಕೊಡುವಾಗ ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಉಳಿದ ಗಂಟೆಗಳಲ್ಲಿ ನಾನು ಕಲಿಸಿದ್ದಕ್ಕಿಂತ ಕೇಳಿಸಿಕೊಂಡದ್ದೇ ಜಾಸ್ತಿ. ಇಷ್ಟು ವರ್ಷಗಳ ಕೆಲಸದಲ್ಲಿ ನನಗೆ ಅಷ್ಟು ಖುಷಿ ಕೊಟ್ಟ ಪಾಠಗಳು ಕಮ್ಮಿ.

ಮೂರನೆಯ ಸಂಜೆ ಅವಳು ಇದ್ದಕ್ಕಿದ್ದಂತೆ ಕೇಳಿದಳು: “ಮೇಡಂ, ರಿಜಿಸ್ಟರಲ್ಲಿ ನೀವ್ಯಾಕೆ ಸೈನ್ ಹಾಕಿದ್ರಿ?”

ನಿಯಮ, ಒತ್ತಡ, ಸಮಿತಿ ಎಂದು ಏನೇನೋ ಹೇಳಬಹುದಿತ್ತು. “ಸುಮ್ನೆ” ಎಂದೆ. ಅವಳು ನಗಲಿಲ್ಲ, ತಲೆಯಾಡಿಸಿದಳು.

ಕೊನೆಯ ದಿನ ಮೇಕಪ್ ತರಗತಿಯ ಫಾರಂ ತುಂಬಬೇಕಿತ್ತು. ಅದರಲ್ಲಿ ‘ಗೈರಿಗೆ ಕಾರಣ’ ಎಂಬ ಕಾಲಮ್ಮಿದೆ. ಎಲ್ಲರೂ ಅಲ್ಲಿ ಇಂಗ್ಲಿಷಿನಲ್ಲಿ ಜ್ವರ ಎಂದೋ ಅಕ್ಕನ ಮದುವೆ ಎಂದೋ ಬರೆಯುತ್ತಾರೆ. ಒಬ್ಬನಿಗೆ ನಾಲ್ಕು ವರ್ಷದಲ್ಲಿ ಐದು ಅಕ್ಕಂದಿರ ಮದುವೆಯಾಗಿತ್ತು. ಇವಳು ಕನ್ನಡದಲ್ಲಿ, ಎಂಟು ಸಾಲುಗಳಲ್ಲೂ, ಒಂದೇ ಮಾತು ಬರೆದಳು: ‘ತರಗತಿ ನಡೆದಿರಲಿಲ್ಲ.’ ಹಾಳೆಯನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟಳು. ಕೆಳಗೆ ‘ಮೇಲಿನ ವಿವರಗಳು ಸತ್ಯ’ ಎಂದು ಅಚ್ಚಾಗಿತ್ತು, ಅದರ ಕೆಳಗೆ ನನ್ನ ಸಹಿಗೆ ಜಾಗ. ಹಾಕದಿದ್ದರೆ ಅವಳಿಗೆ ಹಾಲ್ ಟಿಕೆಟ್ ಇಲ್ಲ. ಹಾಕಿದರೆ ನನ್ನ ರಿಜಿಸ್ಟರ್ ಸುಳ್ಳೆಂದು ನಾನೇ ಬರೆದುಕೊಟ್ಟ ಹಾಗೆ. ಸಹಿ ಹಾಕಿದೆ. ಒಂದೇ ಪೆನ್ನು, ಅವತ್ತಿನದೇ ತಾರೀಖು. ಎಷ್ಟೋ ವರ್ಷಗಳ ಹಿಂದೆ ಎಲ್ಲೋ ಕಳೆದುಕೊಂಡಿದ್ದ ಕನ್ನಡಕ ಸಿಕ್ಕಷ್ಟು ಸಮಾಧಾನವಾಯಿತು.

ಮುಖ್ಯಸ್ಥರು ಓದದೆಯೇ ರುಜು ಹಾಕಿದರು. ಅವರು ಏನನ್ನೂ ಓದುವುದಿಲ್ಲ, ತಮ್ಮ ಪ್ರಬಂಧವನ್ನೂ. ಹಾಲ್ ಟಿಕೆಟ್ ಬಂತು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಸಮಿತಿ ಬಂತು. ಹೊರರಾಜ್ಯದ ಹಿರಿಯರೊಬ್ಬರು ನಮ್ಮ ವಿಭಾಗದ ಫೈಲುಗಳನ್ನು ನೋಡಲು ಕೂತರು. ಅವರಿಗೆ ಹೂಗುಚ್ಛ ಕೊಡಲು, ನೀರು ತಂದಿಡಲು ಸೀರೆ ಉಡಿಸಿ ನಿಲ್ಲಿಸಿದ್ದ ಹುಡುಗಿಯರಲ್ಲಿ ಇವಳೂ ಒಬ್ಬಳು. ನಿಧಾನವಾಗಿ ಕಲಿಯುವವರ ಫೈಲನ್ನು ತಿರುವುತ್ತಿದ್ದ ಅವರು ಒಂದು ಹಾಳೆಯಲ್ಲಿ ನಿಂತರು. ಒಬ್ಬಳೇ ವಿದ್ಯಾರ್ಥಿನಿಗೆ ಎಂಟು ತರಗತಿ ತೆಗೆದುಕೊಂಡಿದ್ದೀರಾ ಎಂದು ಇಂಗ್ಲಿಷಿನಲ್ಲಿ ಮೆಚ್ಚಿಕೊಂಡರು. ಆಮೇಲೆ ಆ ಎಂಟು ಸಾಲುಗಳ ಮೇಲೆ ಬೆರಳಿಟ್ಟು, ಇಲ್ಲಿ ನಿಮ್ಮ ಭಾಷೆಯಲ್ಲಿ ಏನು ಬರೆದಿದೆ ಎಂದು ಕೇಳಿದರು.

ಮುಖ್ಯಸ್ಥರು ಬಗ್ಗಿ ಓದಿದರು. ಅದು ಅವರು ಮೊದಲ ಸಲ ಓದಿದ್ದು. ಅವರ ಕಿವಿ ಕೆಂಪಾಯಿತು. ತಲೆ ಎತ್ತಿ, “ಆ ಹುಡುಗಿಗೆ ಆರೋಗ್ಯ ಸರಿ ಇರಲಿಲ್ಲ ಎಂದಿದೆ” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ನಗುಮುಖ ಬದಲಿಸದೆ, ಹಲ್ಲಿನ ಸಂದಿಯಲ್ಲಿ ಕನ್ನಡದಲ್ಲಿ ಅಂದರು: “ಸುಮ್ನಿರಿ.”

ಹಿರಿಯರು ನನ್ನನ್ನು ನೋಡಿದರು. “ಅಯ್ಯೋ ಪಾಪ, ಈಗ ಹುಷಾರಾಗಿದ್ದಾಳೆಯೇ?” ಎಂದು ಇಂಗ್ಲಿಷಿನಲ್ಲೇ ಕೇಳಿದರು. ಬಾಗಿಲ ಹತ್ತಿರ ನೀರಿನ ಲೋಟಗಳ ಟ್ರೇ ಹಿಡಿದು ಅವಳು ನಿಂತಿದ್ದಳು. ಬೇರೆ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಬೇಕಿದ್ದದ್ದು ಹಾಳೆಯಲ್ಲಿದ್ದ ಆ ಎರಡೇ ಪದ.

ಹೌದು ಎಂಬಂತೆ ತಲೆಯಾಡಿಸಿದೆ.

ಸಮಿತಿಯವರು ಆ ಫೈಲನ್ನು ಅನುಕರಣೀಯ ಎಂದು ಬರೆದು ಹೋದರು. ಮುಖ್ಯಸ್ಥರು ಖುಷಿಯಾಗಿ, ಮುಂದಿನ ಸಲವೂ ವೃತ್ತಿನೀತಿಗೆ ನೀವೇ ಸರಿ ಎಂದರು.

ಪರೀಕ್ಷೆಯಾಯಿತು. ಉತ್ತರಪತ್ರಿಕೆಗಳು ನನ್ನ ಹತ್ತಿರವೇ ಮೌಲ್ಯಮಾಪನಕ್ಕೆ ಬಂದವು. ಹೆಸರು ಮುಚ್ಚಿ ಗುಪ್ತ ಸಂಖ್ಯೆ ಹಾಕಿರುತ್ತಾರೆ, ಆದರೆ ಆ ದುಂಡಗಿನ ಎ ಅಕ್ಷರವನ್ನು ಎಂಟು ಸಲ ನೋಡಿದವಳಿಗೆ ಸಂಖ್ಯೆ ಯಾಕೆ ಬೇಕು? ಕೊನೆಯ ಪ್ರಶ್ನೆ, ನಾನೇ ಕೊಟ್ಟದ್ದು: ವೃತ್ತಿಯಲ್ಲಿ ಪ್ರಾಮಾಣಿಕತೆಗೆ ನೀವು ಕಣ್ಣಾರೆ ಕಂಡ ಒಂದು ಉದಾಹರಣೆ ಕೊಡಿ, ಐದು ಅಂಕ. ಅವಳು ಬರೆದಿದ್ದಳು. ಬರೆದು, ಸ್ಕೇಲ್ ಇಟ್ಟು, ಒಂದೇ ಗೆರೆಯಲ್ಲಿ ಹೊಡೆದುಹಾಕಿದ್ದಳು. ಗೆರೆಯ ಕೆಳಗೆ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಇಂಗ್ಲಿಷಿನಲ್ಲಿದ್ದ ಅದರ ಅರ್ಥ ಇಷ್ಟು: ‘ನಮ್ಮ ಮೇಡಂ ಎಂಟು ಸಲ ಸುಳ್ಳು ಸಹಿ ಹಾಕಿದ್ದರು. ಒಂಬತ್ತನೆಯ ಸಲ ನನಗೋಸ್ಕರ ನಿಜವಾದ ಸಹಿ ಹಾಕಿದರು.’

ಹೊಡೆದುಹಾಕಿದ ಉತ್ತರಕ್ಕೆ ಅಂಕ ಕೊಡುವಂತಿಲ್ಲ ಎಂಬುದು ಮೌಲ್ಯಮಾಪನದ ನಿಯಮ. ಕೊಡಲಿಲ್ಲ. ಉಳಿದ ಉತ್ತರಗಳಲ್ಲಿ ಅವಳು ಆರಾಮವಾಗಿ ಪಾಸಾದಳು. ಆ ಐದು ಅಂಕದ ಮುಂದೆ ಸೊನ್ನೆ ಬರೆದು, ಪಕ್ಕದಲ್ಲಿ ನನ್ನ ಸಹಿ ಹಾಕಿ, ಅವತ್ತಿನ ತಾರೀಖು ಬರೆದೆ.